ಜವಾರಿ ಕೋಳಿಗೆ ಬುಟ್ಟಿ ಸಾಲದು, ತಗಡಿನ ಪೆಟ್ಟಿಗೆಯೂ ಬೇಡ

ನಮ್ಮ ಕಲಬುರಗಿ ಕಡೆ ಹಳ್ಳಿಗಳಲ್ಲಿ ಜವಾರಿ ಕೋಳಿ, ಅಂದರೆ ನಾಟಿ ಕೋಳಿ, ಹೆಣ್ಣುಮಕ್ಕಳ ಸ್ವಂತ ದುಡ್ಡು. ತತ್ತಿ ಮಾರಿ ಬಂದದ್ದು ನೇರವಾಗಿ ಸೆರಗಿನ ಗಂಟಿಗೆ ಹೋಗುತ್ತದೆ. ಮಗಳಿಗೆ ಬಳೆ, ಜಾತ್ರೆಗೆ ಬಸ್ ಚಾರ್ಜು, ಯಾವುದಕ್ಕೂ ಯಾರ ಮುಂದೆಯೂ ಕೈ ಒಡ್ಡಬೇಕಿಲ್ಲ. ಅದಕ್ಕೇ ರಾತ್ರಿ ಕಾಡುಬೆಕ್ಕು ಬಂದು ಕೋಳಿ ಹಿಡಿದಾಗ "ಹೋಗ್ಲಿ ಬಿಡಪಾ, ಮತ್ತ ಮರಿ ಮಾಡ್ತದ" ಅಂತ ನಮ್ಮ ವೈನಿ (ಅಣ್ಣನ ಹೆಂಡತಿ) ಫೋನಿನಲ್ಲಿ ಹೇಳಿದರೆ ನನಗೆ ಸಮಾಧಾನ ಆಗುವುದಿಲ್ಲ. ಹೋದದ್ದು ಆಕೆಯ ದುಡ್ಡು. ಅದನ್ನು ಹಣೆಬರಹ ಅಂತ ಯಾಕೆ ಬಿಡಬೇಕು?

ನಾನಿರುವ ಇಂಗ್ಲೆಂಡಿನಲ್ಲಿ ಹಿತ್ತಲ ಕೋಳಿಗೆ ದೊಡ್ಡ ವೈರಿ ನರಿ. ಊರೊಳಗೇ ಓಡಾಡುತ್ತದೆ. ಗೂಡಿನೊಳಗೆ ನುಗ್ಗಿದರೆ ಒಂದಕ್ಕೆ ನಿಲ್ಲುವುದಿಲ್ಲ, ಸಿಕ್ಕಿದ್ದನ್ನೆಲ್ಲ ಕೊಲ್ಲುತ್ತದೆ. ಹಾಗಾಗಿ ಇಲ್ಲಿ ತಿಳಿದವರು ಆರು ಮೂಲೆಯ ತೆಳ್ಳನೆ ಕೋಳಿ ಜಾಲರಿಯನ್ನು ನಂಬುವುದಿಲ್ಲ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ ಅಷ್ಟೇ, ಹಲ್ಲಿರುವ ಪ್ರಾಣಿಯನ್ನು ತಡೆಯುವುದಿಲ್ಲ. ಅರ್ಧ ಇಂಚು ಕಣ್ಣಿನ, ಬೆಸುಗೆ ಹಾಕಿದ ಜಾಲರಿಯನ್ನೇ ಹೊಡೆಯುತ್ತಾರೆ. ಗೋಡೆಯ ಬುಡದಿಂದ ಹೊರಕ್ಕೆ ಒಂದೂವರೆ ಅಡಿ ಅದೇ ಜಾಲರಿಯನ್ನು ನೆಲದ ಮೇಲೆ ಹಾಸುತ್ತಾರೆ. ನರಿ ಗೋಡೆಯ ಬುಡದಲ್ಲೇ ಕೆರೆಯುತ್ತದೆ, ಕಾಲಿಗೆ ತಂತಿ ಸಿಗುತ್ತದೆ, ಹಿಂದೆ ಸರಿದು ಕೆರೆಯಬೇಕು ಅಂತ ಅದಕ್ಕೆ ಹೊಳೆಯುವುದಿಲ್ಲ. 2024ರ ಅಕ್ಟೋಬರ್ 1ರಿಂದ ಇಲ್ಲಿ ಒಂದೇ ಕೋಳಿ ಸಾಕಿದರೂ ಸರ್ಕಾರದ ಹತ್ತಿರ ಹೆಸರು ಬರೆಸಬೇಕು. ಹಕ್ಕಿಜ್ವರದ ಭಯ ಅದಕ್ಕೆ ಕಾರಣ.

ನಮ್ಮ ಪದ್ಧತಿ ಗೊತ್ತಲ್ಲ. ಹಗಲು ಬಿಟ್ಟುಬಿಡುವುದು, ಸಂಜೆ ಬುಟ್ಟಿ ಮುಚ್ಚಿ ಮೇಲೊಂದು ಕಲ್ಲಿಡುವುದು. ಹಗಲು ಬಿಡುವುದನ್ನು ನಾನು ಒಪ್ಪುತ್ತೇನೆ. ತಿಪ್ಪೆ ಕೆದರಿ ಹುಳ, ಗೆದ್ದಲು, ಉದುರಿದ ಜೋಳ ತಿಂದ ಕೋಳಿಯ ಆರೋಗ್ಯವೇ ಬೇರೆ. ಆದರೆ ರಾತ್ರಿ ಬುಟ್ಟಿ ಏನೂ ಕಾಯುವುದಿಲ್ಲ. ನಾಯಿ ಒಂದು ತಳ್ಳು ತಳ್ಳಿದರೆ ಕಲ್ಲು ಬೀಳುತ್ತದೆ. ಹೆಗ್ಗಣ ಕೆಳಗಿಂದ ಮಣ್ಣು ತೋಡಿಕೊಂಡು ಬರುತ್ತದೆ.

ಹಾಗಂತ ವಿಡಿಯೋ ನೋಡಿ ಪರದೇಶದ ಗೂಡನ್ನು ಹಾಗೇ ಕಟ್ಟುವುದು ಇನ್ನೂ ಕೆಟ್ಟದ್ದು. ಈಗೀಗ ನಮ್ಮ ಕಡೆ ನಾಲ್ಕೂ ಕಡೆ ಹಲಗೆ, ಮೇಲೆ ತಗಡು ಹಾಕಿಸುವವರಿದ್ದಾರೆ. ಅದು ಚಳಿ ದೇಶದ ಪೆಟ್ಟಿಗೆ. ಕಲಬುರಗಿಯ ಮೇ ತಿಂಗಳಲ್ಲಿ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಕೋಳಿಯ ಮೈಶಾಖವೇ 41ರ ಆಸುಪಾಸು. ಅದಕ್ಕೆ ಬೆವರು ಬರುವುದಿಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಣ್ಣಗಾಗಬೇಕು. ತಗಡಿನ ಕೆಳಗೆ ಗಾಳಿಯೂ ಇಲ್ಲದಿದ್ದರೆ ಸತ್ತೇ ಹೋಗುತ್ತದೆ.

ನನ್ನ ಪ್ರಕಾರ ಜಾಲರಿ ಇಲ್ಲಿಯದು ಇರಲಿ, ಉಳಿದದ್ದೆಲ್ಲ ನಮ್ಮೂರಿನದೇ ಸಾಕು. ಮೂರು ಕಡೆ ಜಾಲರಿ, ಪಡುವಣ ಬಿಸಿಲಿಗೆ ಮಾತ್ರ ಗೋಡೆ. ಮೇಲೂ ಜಾಲರಿ ಬಿಗಿದು, ಅದರ ಮೇಲೆ ತೊಗರಿ ಕಟ್ಟಿಗೆಯ ತಟ್ಟಿ ದಪ್ಪಗೆ ಹೊದಿಸಬೇಕು. ಸುಗ್ಗಿ ಮುಗಿದ ಮೇಲೆ ಅದಕ್ಕೇನು ಬರ? ಬೇಸಿಗೆಯಲ್ಲಿ ಮಧ್ಯಾಹ್ನ ಒಂದೆರಡು ಕೊಡ ನೀರು ಚಿಮುಕಿಸಿದರೆ ಒಳಗೆ ತಂಪು. ನೆಲಕ್ಕೆ ಹಾಸುವ ತಂತಿಯ ಬದಲು ನಮ್ಮ ಶಹಾಬಾದ್ ಪರ್ಸಿ, ಆ ಚಪ್ಪಟೆ ಹಾಸುಗಲ್ಲು, ಇದೆಯಲ್ಲ! ಚಿತ್ತಾಪುರ, ಶಹಾಬಾದ್ ಕಡೆ ಮನೆ ಕಟ್ಟಿದವರ ಹಿತ್ತಲಲ್ಲೆಲ್ಲ ಒಡೆದ ತುಂಡು ಬಿದ್ದಿರುತ್ತವೆ. ಗೂಡಿನ ಸುತ್ತ ಎರಡಡಿ ಅಗಲಕ್ಕೆ ಒತ್ತೊತ್ತಾಗಿ ಹಾಸಿ, ಸಂದಿಗೆ ಮಣ್ಣು ಮೆತ್ತಿದರೆ ಹೆಗ್ಗಣಕ್ಕೂ ಜಾಗ ಇಲ್ಲ. ತಂತಿ ತುಕ್ಕು ಹಿಡಿಯುತ್ತದೆ, ಪರ್ಸಿಗೆ ಆ ಚಿಂತೆ ಇಲ್ಲ.

ಹತ್ತು ಕೋಳಿಗೆ ಐದಡಿ ಅಗಲ, ಎಂಟಡಿ ಉದ್ದ ಸಾಕು. ಎತ್ತರ ಮಾತ್ರ ಆರಡಿ ಇರಲೇಬೇಕು. ಕಸ ಹೊಡೆಯುವವಳು ದಿನಾ ಸೊಂಟ ಬಗ್ಗಿಸಿ ಯಾಕೆ ತೂರಬೇಕು? ಕೂರಲು ಅಡ್ಡಗಂಬ, ತತ್ತಿ ಇಡಲು ಹುಲ್ಲು ಹಾಕಿದ ಮೂರು ಬುಟ್ಟಿ.

ಇನ್ನು ಬಾಗಿಲು. ಇಲ್ಲಿ ಬೆಳಕು ಕಡಿಮೆಯಾದರೆ ತಾನೇ ಮುಚ್ಚುವ ಬಾಗಿಲು ಸಿಗುತ್ತದೆ. ನಮಗೆ ಅದು ಬೇಡ, ಕೆಳಗೊಂದು ಮೇಲೊಂದು ಚಿಲಕ ಇದ್ದರೆ ಸಾಕು. ಹೊತ್ತು ಮುಳುಗುವಾಗ ಕೋಳಿಗಳು ತಾವೇ ಒಳಗೆ ಬರುತ್ತವೆ, ಎಣಿಸಿ ಚಿಲಕ ಹಾಕಬೇಕು. ಅದೇ ಹೊತ್ತಿಗೆ ವೈನಿ ಒಲೆ ಮುಂದೆ ರೊಟ್ಟಿ ಬಡಿಯುತ್ತಿರುತ್ತಾಳೆ. ಕಟ್ಟೆಗೆ ಹೊರಡುವ ಮೊದಲು ಅಣ್ಣನೇ ಆ ಚಿಲಕ ಹಾಕಿ ಹೋಗಲಿ.