ಅಕ್ಕ ಬಂತು

ಮದುವೆಯಾದ ಹೊಸತರಲ್ಲಿ ಮೈಸೂರು ಕಡೆಯ ನನ್ನ ಅತ್ತೆ ಮಂಗಳೂರಿನ ನಮ್ಮ ತವರಿಗೆ ಬಂದಿದ್ದರು. ನಾನು ಆಟೋದಿಂದ ಇಳಿದದ್ದೇ ತಡ, ಅಮ್ಮ ಒಳಗಿಂದಲೇ ತಮ್ಮನಿಗೆ ಕೂಗಿದರು: "ಅಕ್ಕ ಬಂತು!" ಅತ್ತೆ ಸಂಜೆ ನನ್ನನ್ನು ಪಕ್ಕಕ್ಕೆ ಕರೆದು, "ಅಲ್ಲಮ್ಮ, ಬಂತು ಹೋಯ್ತು ಅಂತಾರಲ್ಲ, ನೀನೇನು ಹಸುವಾ?" ಅಂದರು.

ನಮ್ಮ ಹವ್ಯಕ ಕನ್ನಡ ಹಾಗೆಯೇ. ಅಣ್ಣ ಬಂದ, ಅಕ್ಕ ಬಂತು. ಹೆಂಗಸರಿಗೆ "ಅವಳು" ಇಲ್ಲ, "ಅದು" ಅಷ್ಟೇ. ಪಕ್ಕದ ಮನೆಯ ಬಾಯಮ್ಮ ಮೊಮ್ಮಗಳನ್ನು ಕಂಡು ಕೊಂಕಣಿಯಲ್ಲಿ "ಚೆಡುಂ ಆಯ್ಲೆಂ" ಅನ್ನುವಾಗ ಅಲ್ಲೂ ಹುಡುಗಿ ನಪುಂಸಕ ಲಿಂಗವೇ. ಹುಟ್ಟಿದಾಗಿಂದ ಕೇಳಿದ ನನಗೆ ಇದರಲ್ಲಿ ಕಾಣುವುದು ಮುದ್ದು. ಆದರೂ ಒಂದು ಕಿರಿಕಿರಿ ಇದೆ. ಐದು ವರ್ಷದ ಪೋರ "ಬಂದ" ಆಗುತ್ತಾನೆ, ಎಪ್ಪತ್ತೈದರ ಅಜ್ಜಿ ಇನ್ನೂ "ಬಂತು", ಅಜ್ಜನಿಗೆ ಮಾತ್ರ "ಬಂದವು" ಅಂತ ಬಹುವಚನದ ಮರ್ಯಾದೆ. ಮುದ್ದೆಲ್ಲ ನಮಗೆ, ಮರ್ಯಾದೆ ಅವರಿಗೆ, ಅಲ್ವಾ?

ಮೊನ್ನೆ ಸುರತ್ಕಲ್‌ನಿಂದ ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಿಗೆ ಬಸ್ಸಿನಲ್ಲಿ ಬರ್ತಿದ್ದೆ. ನಮ್ಮ ಮಂಗಳೂರಿನ ಲಾಲ್‌ಬಾಗ್‌ನಲ್ಲಿ ಒಬ್ಬರು ಮಂಗಳಮುಖಿ ಹತ್ತಿದರು. ತಲೆ ತುಂಬ ಮಲ್ಲಿಗೆ, ಮುಷ್ಟಿಯಲ್ಲಿ ಎಣಿಸಿಟ್ಟ ಚಿಲ್ಲರೆ. ಕಂಡಕ್ಟರ್ ಅವರ ಮುಖ ನೋಡದೆ ಪಕ್ಕದಲ್ಲಿದ್ದವನ ಹತ್ತಿರ ತುಳುವಿನಲ್ಲಿ ಕೇಳಿದ: "ಅವು ಒಲ್ಪ ಜಪ್ಪುಂಡು?" ಅದು ಎಲ್ಲಿ ಇಳಿಯುತ್ತದೆ ಅಂತ. ನಮ್ಮ ಮನೆಯದೇ "ಅದು". ಆದರೆ ಅವರ ಮುಖ ಸಣ್ಣದಾಯಿತು. "ಹಂಪನಕಟ್ಟೆ" ಅಂತ ಅವರೇ ಹೇಳಿ ಚಿಲ್ಲರೆ ಚಾಚಿದರು.

ನನಗೆ ಸಿಟ್ಟು ಬಂತು, ಬಾಯಿ ಮಾತ್ರ ತೆರೆಯಲಿಲ್ಲ. ಮನೆಗೆ ಬಂದು ಗಂಡನಿಗೆ ಕತೆ ಹೇಳುವಾಗ ಏನಂದೆ ಗೊತ್ತಾ? "ಪಾಪ, ಅದು ಸುಮ್ನೆ ನಿಂತಿತ್ತು ರೀ." ನಾಲಿಗೆ ಕಚ್ಚಿಕೊಂಡೆ.

2014ರಲ್ಲೇ ಸುಪ್ರೀಂ ಕೋರ್ಟ್ ತೃತೀಯ ಲಿಂಗವನ್ನು ಒಪ್ಪಿದೆ, ನನ್ನ ಕ್ರಿಯಾಪದ ಇನ್ನೂ ಒಪ್ಪಿಲ್ಲ. ಕನ್ನಡದಲ್ಲಿ ಇದಕ್ಕೆ ಹೊಸ ಪದ ಹುಡುಕಬೇಕಾಗಿಯೂ ಇಲ್ಲ. ಇಂಗ್ಲಿಷಿನವರು ಒಬ್ಬರಿಗೆ "ದೇ" (they) ಅನ್ನಬಹುದೋ ಬಾರದೋ ಅಂತ ಜಗಳ ಆಡ್ತಾರೆ, ನಮ್ಮಲ್ಲಿ "ಅವರು ಬಂದರು" ಅಂದರೆ ಮುಗಿಯಿತು, ಗಂಡೋ ಹೆಣ್ಣೋ ಅಂತ ಹೇಳಲೇಬೇಕಿಲ್ಲ. ಬ್ಯಾಂಕ್ ಮ್ಯಾನೇಜರಿಗೆ, ಡಾಕ್ಟರಿಗೆ ಕೊಡುವ "ಅವರು" ಬಸ್ಸಲ್ಲಿ ನಿಂತವರಿಗೆ ಕೊಡಲು ನಮಗೆ ಜಿಪುಣತನ, ಅಷ್ಟೇ. ಈಗ ಮನೆಯಲ್ಲಿ ನಾನು, ಗಂಡ ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಿದ್ದೇವೆ.

ಅಮ್ಮನಿಗೆ ಮಾತ್ರ "ಅಕ್ಕ ಬಂತು" ಬಿಡು ಅಂತ ಹೇಳಲು ಹೋಗಿಲ್ಲ. ಹೇಳಿದರೂ ಕೇಳುವ ಪೈಕಿ ಅಲ್ಲ ಅದು.