ನಂದಾ ಅಂದರೆ ಆನಂದ ಅಲ್ಲ

ಇವತ್ತು ಬೆಳಗ್ಗೆ ಮತ್ತೆ ಅದೇ ಸಾಲು ಕಣ್ಣಿಗೆ ಬಿತ್ತು: 'ನಂದಾ ಎಂದರೆ ಆನಂದ, ಆನಂದ ಕೊಡುವ ದೀಪವೇ ನಂದಾದೀಪ.' ಕೆಳಗೆ ಸಾಲುಸಾಲು ಕೈಮುಗಿದ ಚಿತ್ರಗಳು. ಸುಮ್ಮನಿರೋಣ ಅಂದುಕೊಂಡೆ, ಆಗಲಿಲ್ಲ.

ಬೆಂಕಿ ನಂದಿಸುತ್ತೇವೆ. ಗಾಳಿಗೆ ದೀಪ ನಂದಿತು ಅಂತೀವಿ. ನಂದು ಅಂದರೆ ಆರು, ನಂದಾ ಅಂದರೆ ಆರದ. ಆರದೆ ಉರಿಯುವ ದೀಪ ನಂದಾದೀಪ. ನಮ್ಮ ಶಾಸನಗಳಲ್ಲಿ 'ನಂದಾದೀವಿಗೆ' ಅಂತಲೇ ಇದೆ, ಅದಕ್ಕೆಂದು ಗಾಣದ ಎಣ್ಣೆ, ಭೂಮಿ ಬಿಟ್ಟುಕೊಟ್ಟ ದತ್ತಿಗಳಿವೆ. ದೀವಿಗೆ ಸಂಸ್ಕೃತದ ದೀಪಿಕಾದಿಂದ ಬಂದ ತದ್ಭವ. ನಂದಾ ಮಾತ್ರ ನಮ್ಮದೇ ಮಾತು. ಮನೆಮಾತಿನಲ್ಲಿ ದಿನಾ ಆಡುವ ಕ್ರಿಯಾಪದವನ್ನೇ ಗುರುತಿಸದೆ ಇನ್ನೊಂದು ಭಾಷೆಯ ಬಾಗಿಲಲ್ಲಿ ಅರ್ಥ ಬೇಡುವುದು ಕಂಡರೆ ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚು.

ನಿಲ್ಲದ್ದನ್ನು ಹೇಳುವ ಎಲ್ಲಾ ಮಾತುಗಳಿಗೂ ಇದೇ ಗತಿ. ನಿರಂತರ, ಸತತ, ಅವಿರತ, ಅನಂತ ಎಲ್ಲವೂ ಒಂದೇ ಅಂತ ಬರೆದುಬಿಡುತ್ತಾರೆ. ಬಿಡಿಸಿ ನೋಡಿ. ನಿರಂತರ ಅಂದರೆ ನಿರ್ + ಅಂತರ, ನಡುವೆ ತೆರಪಿಲ್ಲದ್ದು. ಅಂತವಿಲ್ಲದ್ದು ಅನಂತ. ಎರಡು ತಾಸು ಒಂದೇ ಸಮ ಸುರಿದು ನಿಂತ ಮಳೆ ನಿರಂತರ ಹೌದು, ಅನಂತ ಖಂಡಿತಾ ಅಲ್ಲ. ಕನ್ನಡದ 'ಎಡೆಬಿಡದೆ' ಇದಕ್ಕೆ ಸರಿಜೋಡಿ, ಯಾಕೆಂದರೆ ಎಡೆ ಅಂದರೂ ತೆರಪೇ. ಸತತದಲ್ಲಿರುವುದು ತನ್ ಧಾತು: ಚಾಚು, ಎಳೆದು ಹರಡು. ತಂತು, ಸಂತಾನ, ಮಗ್ಗದಲ್ಲಿ ಉದ್ದಕ್ಕೆ ಎಳೆದ ಹಾಸುನೂಲು ಅನ್ನುವ ಅರ್ಥದ ತಂತ್ರ, ಎಲ್ಲವೂ ಅದರ ಬಳಗ. ಹಾಗಾಗಿ 'ಸತತ ಮೂರನೇ ಗೆಲುವು' ಸರಿ, ಒಂದೇ ಎಳೆಯಲ್ಲಿ ಮೂರು ಗೆಲುವು. 'ನಿರಂತರ ಮೂರನೇ ಗೆಲುವು' ಅಂದರೆ ಕಿವಿ ಒಪ್ಪುವುದಿಲ್ಲ, ಪಂದ್ಯಗಳ ನಡುವೆ ದಿನಗಟ್ಟಲೆ ತೆರಪಿದೆಯಲ್ಲ!

ಅವಿರತ, ಅನವರತ ಎರಡೂ ರಮ್ ಧಾತುವಿನವು. ವಿರಾಮ ಬಂದದ್ದೂ ಅಲ್ಲಿಂದಲೇ. ದಣಿದು ನಿಲ್ಲಬಹುದಾದದ್ದು ನಿಲ್ಲದಿದ್ದರೆ ಅವಿರತ. ದುಡಿಮೆಗೆ ಒಪ್ಪುತ್ತದೆ, ಗೋಡೆಗೆ ಒಪ್ಪದು. 'ಅವಿರಥ', 'ಅನವರಥ' ಅಂತ ಮಹಾಪ್ರಾಣ ಹಾಕಿದರೆ ಅಲ್ಲಿ ಬರುವುದು ರಥ. ದಯವಿಟ್ಟು ಹಾಕಬೇಡಿ.

ಭಾಷೆ ಬದಲಾಗುತ್ತೆ, ಬಳಕೆಯೇ ಪ್ರಮಾಣ ಅಂತೀರಿ. ಒಪ್ಪುತ್ತೇನೆ. ಆದರೆ ನಂದು ಎಲ್ಲಿ ಬದಲಾಗಿದೆ? ಕಾಡಿಗೆ ಬಿದ್ದ ಕಿಚ್ಚನ್ನು ಇವತ್ತಿಗೂ ನಂದಿಸುತ್ತಲೇ ಇದ್ದೇವೆ. ಸಂಸ್ಕೃತದಲ್ಲೂ ಸಂತೋಷಪಡು ಅನ್ನುವ ಅರ್ಥದ ನಂದ್ ಇದೆ, ನಂದಾ ಅದರಿಂದ ಬಂದಿರಬಾರದೇಕೆ ಅಂತ ಇನ್ನೊಂದು ಪ್ರಶ್ನೆ. ತಮಿಳು ಶಾಸನಗಳಲ್ಲಿ ಇದೇ ದೀಪಕ್ಕೆ ನಂದಾ ವಿಳಕ್ಕು ಅಂತಲೂ ಇದೆ, ನುಂದಾ ವಿಳಕ್ಕು ಅಂತಲೂ ಇದೆ. ಆನಂದವನ್ನು ಎಷ್ಟು ಜಗ್ಗಿದರೂ ನುಂದಾ ಹುಟ್ಟುವುದಿಲ್ಲ.

ಆ ಶಾಸನಗಳನ್ನು ಓದುವಾಗ ಆಗುವ ಖುಷಿಯೇ ಬೇರೆ. ತಂಜಾವೂರಿನಲ್ಲಿ ರಾಜರಾಜ ಚೋಳ ಕಟ್ಟಿಸಿದ ದೊಡ್ಡ ದೇವಾಲಯದ ಗೋಡೆಗಳ ಮೇಲೆ ಲೆಕ್ಕ ಕೊರೆದಿದ್ದಾರೆ: ಒಂದು ನಂದಾದೀಪಕ್ಕೆ 96 ಕುರಿ, ಇಲ್ಲವೇ 48 ಹಸು, ಇಲ್ಲವೇ 16 ಎಮ್ಮೆ. ಮಂದೆ ಸಾಕುವವರು ದಿನಕ್ಕೊಂದು ಉಳಕ್ಕು, ಅಂದರೆ ನಾಳಿ ಎಂಬ ಹಳೆಯ ಅಳತೆಯ ಕಾಲು ಭಾಗ, ತುಪ್ಪ ಅಳೆದು ಕೊಡಬೇಕು. ಕುರಿ ಸಾಯುತ್ತದೆ, ಮುದಿಯಾಗುತ್ತದೆ, ಆಗ ದೀಪ? ಮರಿಗಳು ಆ ಜಾಗ ತುಂಬಬೇಕು, ಮಂದೆಯ ಎಣಿಕೆ ಕುಗ್ಗಬಾರದು. ಅದಕ್ಕೇ ಚೋಳರ ಕಾಲದ ದತ್ತಿ ಶಾಸನಗಳು ಅಂಥ ಮಂದೆಯನ್ನು 'ಸಾವಾ ಮೂವಾ ಪೇರಾಡು' ಅನ್ನುತ್ತವೆ. ಪೇರಾಡು ಅಂದರೆ ದೊಡ್ಡ ಕುರಿ. ಸಾವಾ ಅಂದರೆ ಸಾಯದ, ನಮ್ಮ ಸಾವು ಅದರ ನಂಟ. ಮೂವಾ ಅಂದರೆ ಮುಪ್ಪಾಗದ, ಮುಪ್ಪು ಅದರ ನಂಟ. ಸಾವಾ, ಮೂವಾ, ನಂದಾ: ಮೂರರ ಕೊನೆಗೂ ಅದೇ 'ಆ', ಮೂರಕ್ಕೂ ಅದು ಕೊಡುವ ಅರ್ಥ 'ಇಲ್ಲ'.