ದುಡಿಯಲು ಬನ್ನಿ, ಮನೆಮಂದಿ ಬೇಡ

ಶಿರಸಿ, ಸಿದ್ದಾಪುರದ ಕಡೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಸಿಗದೆ ಅಡಿಕೆ ಮರದಲ್ಲೇ ಹಣ್ಣಾಗಿ ಉದುರುತ್ತದೆ. ಕರಾವಳಿಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್ ಹುಡುಗರು ಬಲೆ ಎಳೆಯುತ್ತಾರೆ. ಜನಸಂಖ್ಯೆ ಇಳಿಯದಿರಲು ಒಬ್ಬ ಹೆಣ್ಣಿಗೆ ಸರಾಸರಿ 2.1 ಮಕ್ಕಳಿರಬೇಕು, ಕರ್ನಾಟಕದಲ್ಲಿ ಅದು 2019-21ರ ಸಮೀಕ್ಷೆಯಲ್ಲೇ 1.7. ಜಪಾನಿನಲ್ಲಿ 2024ಕ್ಕೆ 1.15. ಅದಕ್ಕೇ ಹೊರದೇಶದ ಕಾರ್ಮಿಕರನ್ನು ಕರೆಸುವಲ್ಲಿ ಆ ದೇಶ ಎಲ್ಲಿ ಎಡವಿತು ಎಂಬುದನ್ನು ನಾವು ಗಮನವಿಟ್ಟು ನೋಡಬೇಕು.

1993ರಲ್ಲಿ ಜಪಾನ್ 'ತಾಂತ್ರಿಕ ತರಬೇತಿ' ಎಂಬ ಯೋಜನೆ ತಂದಿತು. ಹೆಸರಿಗೆ ತರಬೇತಿ, ನಡೆದದ್ದು ದುಡಿಮೆ. ಅನೇಕರು ತಮ್ಮೂರಲ್ಲಿ ಏಜೆಂಟನಿಗೆ ಸಾಲ ಮಾಡಿ ದುಡ್ಡು ಕೊಟ್ಟು ಬಂದವರು. ಅಲ್ಲಿ ಸಂಬಳ ಸಾಲದಿದ್ದರೂ, ಬೈಗುಳ ತಿಂದರೂ ಮಾಲೀಕನನ್ನು ಬದಲಿಸುವ ಹಾಗಿಲ್ಲ. ಸಾಲ ತೀರದೆ ಊರಿಗೆ ಮರಳುವಂತೆಯೂ ಇಲ್ಲ. ಮತ್ತೇನು ಮಾಡಿಯಾರು? 2023ರಲ್ಲಿ 9,753 ಮಂದಿ ಕೆಲಸದ ಜಾಗದಿಂದ ಕಾಣೆಯಾದರು. ಇದನ್ನು ಕಾರ್ಮಿಕರ ತಪ್ಪು ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಈ ಯೋಜನೆಯನ್ನೇ ತೆಗೆದು, ಷರತ್ತಿನ ಮೇಲೆ ಮಾಲೀಕನನ್ನು ಬದಲಿಸಲು ಬಿಡುವ ಕಾನೂನು 2024ರಲ್ಲಿ ಅಂಗೀಕಾರವಾಯಿತು.

ಇದರ ನಡುವೆ, 2019ರ ಏಪ್ರಿಲ್‌ನಲ್ಲಿ 'ನಿರ್ದಿಷ್ಟ ಕೌಶಲ' ವೀಸಾ ಬಂತು. ಇದರಲ್ಲಿ ಅದೇ ಕ್ಷೇತ್ರದೊಳಗೆ ಕೆಲಸ ಬದಲಿಸಬಹುದು. ಆದರೆ ಮೊದಲ ಹಂತಕ್ಕೆ ಒಟ್ಟು 5 ವರ್ಷದ ಮಿತಿ, ಹೆಂಡತಿ ಮಕ್ಕಳನ್ನು ಕರೆದೊಯ್ಯುವಂತಿಲ್ಲ. ಎರಡನೇ ಹಂತದಲ್ಲಿ ಕುಟುಂಬಕ್ಕೆ ಅವಕಾಶವಿದೆ. ವೃದ್ಧರ ಆರೈಕೆಗೆ ಆ ಎರಡನೇ ಹಂತವೇ ಇಲ್ಲ. ರಾಷ್ಟ್ರೀಯ ಆರೈಕೆ ಪರೀಕ್ಷೆ ಪಾಸಾಗಿ ಬೇರೆ ವೀಸಾ ಪಡೆಯಬೇಕು. ಮುಪ್ಪಿನವರನ್ನು ನೋಡಿಕೊಳ್ಳಲು ಬಂದವಳು ತನ್ನ ಮಗುವಿನಿಂದ ಐದು ವರ್ಷ ದೂರವಿರಬೇಕು ಎನ್ನುವ ನೀತಿಯಿಂದ ಜನ ಬರುತ್ತಾರೆ, ನೆಲೆಸುವುದಿಲ್ಲ. ಕುಗ್ಗುವ ದೇಶಕ್ಕೆ ಬೇಕಾದದ್ದು ನೆಲೆಸುವವರು, ಅವರ ಮಕ್ಕಳು ಕೂರುವ ಶಾಲೆಗಳು.

ನಮ್ಮ ಜಿಲ್ಲೆಯಿಂದ ಹೋಗಬಯಸುವವರಿಗೆ: 2021ರ ಒಪ್ಪಂದದಿಂದ ಭಾರತೀಯರಿಗೂ ಈ ವೀಸಾ ದಾರಿ ತೆರೆದಿದೆ. ಜಪಾನಿ ಭಾಷೆಯ ಎನ್4 (ಐದು ಹಂತಗಳಲ್ಲಿ ಕೆಳಗಿನಿಂದ ಎರಡನೆಯದು) ಅಥವಾ ಅದಕ್ಕೆ ಸಮನಾದ ಪರೀಕ್ಷೆ, ಜೊತೆಗೆ ಕೌಶಲ ಪರೀಕ್ಷೆ ಬೇಕು. ಆರೈಕೆ ಕೆಲಸಕ್ಕೆ ಭಾಷೆಯ ಇನ್ನೊಂದು ಪರೀಕ್ಷೆ. ಎನ್4ನಲ್ಲಿ ಮಾತಾಡಿಸಿ ನೋಡುವುದೇ ಇಲ್ಲ, ಸರಿಯುತ್ತರಕ್ಕೆ ಗುರುತು ಹಾಕಿದರೆ ಸಾಕು. ಪಾಸಾದವರು ವಾರ್ಡಿನಲ್ಲಿ ತಡವರಿಸುವುದು ಇದರಿಂದಲೇ. ಮಾತು ಬೇರೆಯಾಗಿ ಕಲಿಯಿರಿ. ಏಜೆಂಟನ ನೋಂದಣಿ ಸಂಖ್ಯೆಯನ್ನು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ನೋಡಿ. ಅವನ ಸೇವಾ ಶುಲ್ಕ 30,000 ರೂಪಾಯಿ ಮತ್ತು ಜಿಎಸ್‌ಟಿ ಮೀರುವಂತಿಲ್ಲ, ರಸೀದಿ ಕೇಳಿ. ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ.

ಇಲ್ಲಿಗೆ ಬಂದವರ ವಿಷಯವೂ ಇದೆ. ಜೂನ್ 1ರಿಂದ 61 ದಿನ ಮೀನುಗಾರಿಕೆ ನಿಷೇಧದಿಂದ ಬೋಟು ದಡದಲ್ಲಿದ್ದಾಗ ಇಲ್ಲೇ ಉಳಿಯುವ ಕುಟುಂಬಕ್ಕೆ 'ಒಂದು ರಾಷ್ಟ್ರ, ಒಂದು ಪಡಿತರ ಚೀಟಿ' ಯೋಜನೆಯಡಿ, ತಮ್ಮೂರಿನ ಚೀಟಿಯಲ್ಲೇ, ನಮ್ಮ ನ್ಯಾಯಬೆಲೆ ಅಂಗಡಿಯಲ್ಲೇ ಅಕ್ಕಿ ಪಡೆಯುವ ಹಕ್ಕಿದೆ. ಬೋಟಿನ ಮಾಲೀಕರು ಮೇ ತಿಂಗಳಲ್ಲೇ ಅದನ್ನು ಅವರಿಗೆ ತಿಳಿಸಲಿ, ಮಕ್ಕಳನ್ನು ಹತ್ತಿರದ ಅಂಗನವಾಡಿಗೆ ಸೇರಿಸಲಿ.